ದಂಡ ಗಾಡಿಗೆ, ಪಾಯಿಂಟ್ ಮನುಷ್ಯನಿಗೆ

2025ರ ಸೆಪ್ಟೆಂಬರ್ ಮೊದಲ ವಾರ. ಬಾಕಿ ಉಳಿದ ಸಂಚಾರ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಘೋಷಿಸಿದ್ದ ದಿನಗಳು. ತುಮಕೂರಿನ ನಮ್ಮ ಬೀದಿಯಲ್ಲಿ ಯಾರನ್ನು ನೋಡಿದರೂ ಮೊಬೈಲಿನಲ್ಲಿ ಗಾಡಿ ನಂಬರ್ ಹಾಕಿಕೊಂಡು ಕುಳಿತಿದ್ದರು. ನಾನೂ ನನ್ನ ಸ್ಕೂಟರಿನ ಕೆಎ-06 ನಂಬರ್ ಹಾಕಿದೆ. ಮೂರು ನೋಟಿಸ್ ಇದ್ದವು, ಮೂರೂ ಹೆಲ್ಮೆಟ್ ಇಲ್ಲದ ಸವಾರಿಯವು. ಫೋಟೊ ತೆರೆದು ನೋಡಿದರೆ ಭದ್ರಮ್ಮ ವೃತ್ತದಲ್ಲಿ ನನ್ನ ಸ್ಕೂಟರ್ ಮೇಲೆ ಕುಳಿತಿದ್ದವನು ನಾನಲ್ಲ, ನನ್ನ ಅಕ್ಕನ ಮಗ. ಒಂದು ಫೋಟೊದಲ್ಲಂತೂ ಅವನು ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಮೊಣಕೈ ಭದ್ರವಾಗಿತ್ತು.

1500 ರೂಪಾಯಿಯಲ್ಲಿ ಅರ್ಧ, 750 ಕಟ್ಟಿ ಕೈತೊಳೆದುಕೊಂಡೆ. ಹುಡುಗನಿಗೆ ಫೋನ್ ಮಾಡಿದಾಗ, "ಮಾವ, ಸಂಜೆ ಕಳಿಸುತ್ತೇನೆ" ಎಂದ. ಆ ಸಂಜೆ ಇನ್ನೂ ಆಗಿಲ್ಲ.

ತಪ್ಪು ಮಾಡಿದವನು ಒಬ್ಬ, ದಂಡ ಕಟ್ಟಿದವನು ಇನ್ನೊಬ್ಬ, ಕಟ್ಟಿದ್ದೂ ಅರ್ಧ. ಡ್ರೈವಿಂಗ್ ಲೈಸೆನ್ಸ್‌ಗೆ ಪಾಯಿಂಟ್ ಹಾಕುವ ಪದ್ಧತಿ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ಪದ್ಧತಿ ನಮ್ಮಲ್ಲಿ ಎಲ್ಲಿ ಎಡವಬಹುದು ಎಂಬುದೂ ಇದೇ ಉದಾಹರಣೆಯಲ್ಲಿದೆ. 2025ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥದ್ದೊಂದು ಪದ್ಧತಿಯ ಚಿಂತನೆ ನಡೆಸಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಿನಿಂದ ಅಂಗಡಿ ಕಟ್ಟೆಗಳಲ್ಲಿ ಇದರ ಮಾತು ಕೇಳಿಸುತ್ತಿದೆ. ಹೆಚ್ಚಿನವರು ಇದನ್ನು ಇನ್ನೊಂದು ಬಗೆಯ ದಂಡ ಎಂದುಕೊಂಡಿದ್ದಾರೆ. ಅಲ್ಲ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಪ್ರತಿ ತಪ್ಪಿಗೂ ಚಾಲಕನ ಹೆಸರಿನಲ್ಲಿ ಒಂದಿಷ್ಟು ಅಂಕ ಬರೆದುಕೊಳ್ಳುತ್ತಾರೆ. ಇಂತಿಷ್ಟು ವರ್ಷದೊಳಗೆ ಮೊತ್ತ ಮಿತಿ ಮುಟ್ಟಿದರೆ ಲೈಸೆನ್ಸ್ ಹೋಗುತ್ತದೆ. ಬ್ರಿಟನ್ನಿನ ಲೆಕ್ಕ ಹೀಗೆ: ಮೂರು ವರ್ಷದೊಳಗೆ 12 ಪಾಯಿಂಟ್ ಸೇರಿದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಗಾಡಿ ಮುಟ್ಟುವಂತಿಲ್ಲ. ವೇಗಮಿತಿ ಮೀರಿದರೆ ಕಡಿಮೆ ಎಂದರೂ 3. ಗಾಡಿ ಓಡಿಸುತ್ತಾ ಮೊಬೈಲ್ ಕೈಯಲ್ಲಿ ಹಿಡಿದರೆ 2017ರಿಂದ ನೇರವಾಗಿ 6 ಪಾಯಿಂಟ್, ಜೊತೆಗೆ 200 ಪೌಂಡ್ ದಂಡ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಮೊದಲ ಎರಡು ವರ್ಷ ಮಿತಿ ಇನ್ನೂ ಬಿಗಿ: 6 ಮುಟ್ಟಿದರೆ ಲೈಸೆನ್ಸ್ ರದ್ದು, ಕಲಿಕಾ ಲೈಸೆನ್ಸ್‌ನಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲವೂ ಮತ್ತೆ. ಎರಡನ್ನೂ ಕೂಡಿಸಿ ನೋಡಿ. ಅಲ್ಲಿ ಹೊಸ ಹುಡುಗನೊಬ್ಬ ಸ್ಟಿಯರಿಂಗ್ ಹಿಡಿದು ಒಂದೇ ಒಂದು ಕರೆ ತೆಗೆದುಕೊಂಡರೆ ಲೈಸೆನ್ಸ್ ಮುಗಿಯಿತು.

ಫ್ರಾನ್ಸಿನದು ತಿರುಗುಮುರುಗಿನ ಲೆಕ್ಕ. ಮುಂಗಡವಾಗಿ 12 ಪಾಯಿಂಟ್ ಕೈಗೆ ಕೊಟ್ಟು ತಪ್ಪಿಗೆ ತಕ್ಕಂತೆ ಕಡಿಯುತ್ತಾ ಹೋಗುತ್ತಾರೆ. ಹೊಸಬರಿಗೆ ಮೊದಲು ಸಿಗುವುದು ಆರೇ, ಉಳಿದದ್ದನ್ನು ವರ್ಷಗಳ ಮೇಲೆ ಗಳಿಸಿಕೊಳ್ಳಬೇಕು. 1992ರಲ್ಲಿ ಇದು ಜಾರಿಯಾದಾಗ ಅಲ್ಲಿನ ಲಾರಿ ಚಾಲಕರು ಹೆದ್ದಾರಿಗಳಿಗೆ ಲಾರಿ ಅಡ್ಡ ನಿಲ್ಲಿಸಿ ದೇಶವನ್ನೇ ಕಟ್ಟಿಹಾಕಿದ್ದರು. ದಿನವಿಡೀ ರಸ್ತೆಯ ಮೇಲಿರುವವನಿಗೂ ಭಾನುವಾರ ಮಾತ್ರ ಕಾರು ತೆಗೆಯುವವನಿಗೂ ಒಂದೇ 12 ಹೇಗೆ ನ್ಯಾಯ ಎಂಬ ಪ್ರಶ್ನೆಗೆ ಇಂದಿಗೂ ಯಾವ ದೇಶವೂ ಪೂರ್ತಿ ಉತ್ತರ ಕೊಟ್ಟಂತಿಲ್ಲ. ಇದಕ್ಕೆ ಮುಂದೆ ಬರುತ್ತೇನೆ.

ನನಗೆ ಹೆಚ್ಚು ಹಿಡಿಸುವುದು ಜರ್ಮನಿಯ ಕ್ರಮ. ಅಲ್ಲಿ ಫ್ಲೆನ್ಸ್‌ಬರ್ಗ್ ಎಂಬ ಊರಿನಲ್ಲಿ ಇಡೀ ದೇಶದ ಚಾಲಕರ ಕಡತ ಇದೆ. 'ಫ್ಲೆನ್ಸ್‌ಬರ್ಗ್‌ನಲ್ಲಿ ಪಾಯಿಂಟ್ ಇದೆ' ಎಂದರೆ ಜನಕ್ಕೆ ಬೇರೆ ವಿವರಣೆ ಬೇಕಿಲ್ಲ. 1974ರಿಂದ ನಡೆದುಬಂದ ಪದ್ಧತಿಯನ್ನು 2014ರಲ್ಲಿ ಸರಳಗೊಳಿಸಿ ಮಿತಿಯನ್ನು 18ರಿಂದ 8ಕ್ಕೆ ಇಳಿಸಿದರು, ತಪ್ಪಿಗೆ ಒಂದರಿಂದ ಮೂರು ಪಾಯಿಂಟ್ ಅಷ್ಟೇ. ನಾಲ್ಕು ಆದಾಗ ಮನೆಗೆ ಬುದ್ಧಿಮಾತಿನ ಪತ್ರ ಬರುತ್ತದೆ, ಆರಾದಾಗ ಎಚ್ಚರಿಕೆಯ ಪತ್ರ, ಎಂಟಾದರೆ ಲೈಸೆನ್ಸ್ ಇಲ್ಲ. ಈ ಪತ್ರಗಳೇ ಪದ್ಧತಿಯ ಜೀವ ಎಂದು ನನಗೆ ಅನ್ನಿಸುತ್ತದೆ. ಮನುಷ್ಯ ತಿದ್ದಿಕೊಳ್ಳುವುದು ಲೈಸೆನ್ಸ್ ಕಳೆದುಕೊಂಡ ಮೇಲಲ್ಲ, 'ಇನ್ನೊಂದು ತಪ್ಪಾದರೆ ಹೋಯಿತು' ಎಂದು ಗೊತ್ತಿರುವ ದಿನಗಳಲ್ಲಿ. ಐದರವರೆಗೆ ಪಾಯಿಂಟ್ ಇರುವವನು ತಾನಾಗಿ ತರಬೇತಿಗೆ ಹೋಗಿ ಒಂದನ್ನು ಕಳೆದುಕೊಳ್ಳಬಹುದು, ಆದರೆ ಐದು ವರ್ಷಕ್ಕೆ ಒಮ್ಮೆ ಮಾತ್ರ. ಸಣ್ಣ ತಪ್ಪಿನ ಪಾಯಿಂಟ್ ಎರಡೂವರೆ ವರ್ಷಕ್ಕೆ ಅಳಿಸಿಹೋಗುತ್ತದೆ. ಉದ್ರಿ ತೀರಿದರೆ ಪುಟ ಹರಿಯಬೇಕು, ಇಲ್ಲದಿದ್ದರೆ ಗಿರಾಕಿ ಆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹಬ್ಬದ ಸಾಲು ರಜೆಗಳಲ್ಲಿ ಕೆಲವು ತಪ್ಪುಗಳಿಗೆ ಪಾಯಿಂಟ್ ದುಪ್ಪಟ್ಟು. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ ನಡೆಯುವಾಗ ಕ್ಯಾತ್ಸಂದ್ರದ ಆಸುಪಾಸಿನಲ್ಲಿ ಬೈಕಿನ ಮೇಲೆ ಮೂವರು, ಕೆಲವೊಮ್ಮೆ ನಾಲ್ವರು ಹೋಗುವುದನ್ನು ನೋಡಿದವರಿಗೆ ಈ ಯೋಚನೆ ಹಿಡಿಸಬಹುದು.

ಇನ್ನು ನಮ್ಮ ಕಾನೂನಿಗೆ ಬರೋಣ. ನಮ್ಮಲ್ಲಿ ಏನೂ ಇಲ್ಲ, ಬರೀ ದಂಡ ಎಂಬ ಮಾತು ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹೆಲ್ಮೆಟ್ ಇಲ್ಲದೆ ಸವಾರಿ ಮಾಡಿದರೆ 1000 ರೂಪಾಯಿ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ದ್ವಿಚಕ್ರ ವಾಹನದ ಮೇಲೆ ಮೂವರು ಕುಳಿತರೂ ಅಷ್ಟೇ. ದಂಡವನ್ನು ಕರ್ನಾಟಕ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 500ಕ್ಕೆ ಇಳಿಸಿತು. ಮೂರು ತಿಂಗಳ ಮಾತು ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಕುಡಿದು ಓಡಿಸಿದರೆ, ಅಪಾಯಕಾರಿಯಾಗಿ ಓಡಿಸಿದರೆ, ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳುಹಿಸಬಹುದು. ಅಲ್ಲಿ ಚಾಲಕನ ಮಾತು ಕೇಳಿ, ಕಾರಣ ಬರೆದು, ಮೊದಲ ಸಲ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಸಲ ಲೈಸೆನ್ಸ್ ರದ್ದು. ಅದಕ್ಕೂ ಮುಂಚೆ, 2015ರಲ್ಲೇ, ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ ಅತಿವೇಗ, ಕೆಂಪು ದೀಪ ದಾಟುವುದು, ಮೊಬೈಲ್ ಬಳಕೆ, ಸರಕು ಗಾಡಿಯಲ್ಲಿ ಜನ ಸಾಗಿಸುವುದು ಇಂಥವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತ್ತು.

ಅಂದರೆ ನಮ್ಮ ಕಾನೂನು ಪಾಯಿಂಟ್ ಪದ್ಧತಿಗಿಂತ ಕಠಿಣ. ಕಠಿಣವಾದದ್ದಕ್ಕೇ ಕೈಲಾಗದ್ದು. ಕೆಳಗೆ 500 ರೂಪಾಯಿ, ಮೇಲೆ ಮೂರು ತಿಂಗಳು. ನಡುವೆ ಮೆಟ್ಟಿಲಿಲ್ಲ, ನೆಲ ಬಿಟ್ಟರೆ ತಾರಸಿ. ನಮ್ಮ ಹುಡುಗನ ಮೂರು ಫೋಟೊಗಳನ್ನು ಅಕ್ಷರಶಃ ಓದಿದರೆ ಒಂಬತ್ತು ತಿಂಗಳು ಅವನು ಸ್ಕೂಟರ್ ಮುಟ್ಟಬಾರದು. ಹೆಲ್ಮೆಟ್ ಇಲ್ಲದ ಪ್ರತಿಯೊಬ್ಬನಿಗೂ ಹಾಗೆ ಮಾಡಲು ಹೊರಟರೆ ಬಿ.ಎಚ್. ರಸ್ತೆ ಒಂದು ವಾರದಲ್ಲಿ ಖಾಲಿಯಾಗುತ್ತದೆ, ಆರ್‌ಟಿಒ ಕಚೇರಿಯಲ್ಲಿ ವಿಚಾರಣೆಯ ಸಾಲು ಬಟವಾಡಿಯವರೆಗೆ ಬರುತ್ತದೆ. ಆದ್ದರಿಂದ ಯಾರೂ ಮಾಡುವುದಿಲ್ಲ. ದಂಡ ಕಟ್ಟಿಸಿಕೊಂಡು ಕಳಿಸುತ್ತಾರೆ, ಕಟ್ಟದವರಿಗೆ ರಿಯಾಯಿತಿ ಕೊಡುತ್ತಾರೆ. 2023ರ ಫೆಬ್ರವರಿಯಲ್ಲಿ ಮೊದಲ ಸಲ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲೇ ಕೆಲವು ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಬಂತು. ಖಜಾನೆಗೆ ಒಳ್ಳೆಯದೇ. ಆದರೆ ಎರಡು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ದಂಡವನ್ನು ಸವಾರ ಶಿಕ್ಷೆ ಎಂದುಕೊಳ್ಳುವುದಿಲ್ಲ, ದೀಪಾವಳಿ ಸೇಲ್ ಎಂದುಕೊಳ್ಳುತ್ತಾನೆ. ಪಾಯಿಂಟ್‌ಗೆ ರಿಯಾಯಿತಿ ಕೊಡುವುದು ಅಷ್ಟು ಸುಲಭವಲ್ಲ. ಹಣವುಳ್ಳವನಿಗೂ ಇಲ್ಲದವನಿಗೂ ಅದು ಒಂದೇ ತೂಕದ್ದು, ಮಾವ ಕಟ್ಟಿದರೆ ತೀರುವಂಥದ್ದೂ ಅಲ್ಲ.

ಕಳಂಕಕ್ಕೊಂದು ಅವಧಿ ಇರಬೇಕು ಎಂಬುದು ನಮ್ಮ ಕಾಯ್ದೆಗೆ ಹೊಸದೇನೂ ಅಲ್ಲ. ಲೈಸೆನ್ಸ್ ಪುಸ್ತಕದ ರೂಪದಲ್ಲಿದ್ದ ಕಾಲದಲ್ಲಿ ಅಪರಾಧವನ್ನು ಅದರ ಮೇಲೆ ಷರಾ ಬರೆಯುತ್ತಿದ್ದರು. ಮೂರು ವರ್ಷ ಹೊಸ ಷರಾ ಬೀಳದಿದ್ದರೆ ಶುದ್ಧ ಲೈಸೆನ್ಸ್ ಕೇಳುವ ಹಕ್ಕು ಕಾಯ್ದೆಯ 24ನೇ ಕಲಮಿನಲ್ಲಿದೆ. ಪಾಯಿಂಟ್ ಪದ್ಧತಿಯ ಬೀಜ ಅಲ್ಲೇ ಇತ್ತು, ಯಾರೂ ನೀರು ಹಾಕಲಿಲ್ಲ. 2014ರ ರಸ್ತೆ ಸಾರಿಗೆ ಮತ್ತು ಸುರಕ್ಷತಾ ಮಸೂದೆಯ ಕರಡಿನಲ್ಲಿ ಪಾಯಿಂಟ್ ಪದ್ಧತಿ ಸ್ಪಷ್ಟವಾಗಿಯೇ ಇತ್ತು. ಆ ಮಸೂದೆ ಕಾನೂನಾಗಲಿಲ್ಲ. ಅದರ ಜಾಗಕ್ಕೆ ಬಂದ 2019ರ ತಿದ್ದುಪಡಿ ದಂಡವನ್ನು ಹಿಗ್ಗಿಸಿತು, ಪಾಯಿಂಟನ್ನು ಕೈಬಿಟ್ಟಿತು.

ನಡುವೆ ತೆಲಂಗಾಣ ಒಂದು ಪ್ರಯತ್ನ ಮಾಡಿತು. 2017ರ ಆಗಸ್ಟ್ 1ರಿಂದ ಹೈದರಾಬಾದಿನಲ್ಲಿ ಹೆಲ್ಮೆಟ್ ಅಥವಾ ಸೀಟ್ ಬೆಲ್ಟ್ ಇಲ್ಲದಿದ್ದರೆ 1, ರಾಂಗ್ ಸೈಡಿನಲ್ಲಿ ಬಂದರೆ 2, ಕುಡಿದು ಬೈಕ್ ಓಡಿಸಿದರೆ 3, ಕಾರಾದರೆ 4, ಬಸ್ಸಾದರೆ 5 ಎಂದು ಲೆಕ್ಕ ಶುರುವಾಯಿತು. 24 ತಿಂಗಳಲ್ಲಿ 12 ಮುಟ್ಟಿದರೆ ಒಂದು ವರ್ಷ ಅಮಾನತು. ಕುಡಿದವನ ಕೈಯಲ್ಲಿ ಯಾವ ಗಾಡಿ ಇದೆ ಎಂಬುದರ ಮೇಲೆ ತೂಕ ಹೆಚ್ಚಿಸಿದ್ದು ಜಾಣತನದ ಕೆಲಸ. ತುಮಕೂರು ಜಿಲ್ಲೆಗೆ ಯಾರಾದರೂ ಪಟ್ಟಿ ಬರೆಯಲು ಕೂತರೆ ಜನರನ್ನು ಕುರಿಯಂತೆ ತುಂಬಿಕೊಂಡು ಹೋಗುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಪಾಯಿಂಟ್ ಇಡಬೇಕು ಎನ್ನುತ್ತೇನೆ. 2022ರ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಹೆದ್ದಾರಿಯಲ್ಲಿ ಕೂಲಿಯವರು ಕಿಕ್ಕಿರಿದಿದ್ದ ವಾಹನ ಲಾರಿಗೆ ಬಡಿದು ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟವರು ಅವರು. ಅಷ್ಟು ಜನರನ್ನು ಹತ್ತಿಸಿಕೊಂಡು ಗಾಡಿ ಹೊರಡುವ ಗಳಿಗೆ ಇರುತ್ತದಲ್ಲ, ಪಾಯಿಂಟ್ ಕೆಲಸ ಮಾಡಬೇಕಾದದ್ದು ಆಗ.

ಈಗ ತೊಡಕಿಗೆ ಬರೋಣ. ದೇಶದ ವಾಹನಗಳ ದಾಖಲೆ 'ವಾಹನ್' ಎಂಬ ಕಡತದಲ್ಲಿದೆ, ಚಾಲಕರ ದಾಖಲೆ 'ಸಾರಥಿ' ಎಂಬ ಇನ್ನೊಂದರಲ್ಲಿ. ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ನಂಬರ್ ಪ್ಲೇಟಿನಿಂದ ಮಾಲೀಕ ಸಿಗುತ್ತಾನೆ, ಓಡಿಸಿದವನು ಸಿಗುವುದಿಲ್ಲ. ದಂಡಕ್ಕೆ ಮಾಲೀಕ ಸಿಕ್ಕರೆ ಸಾಕು. ಪಾಯಿಂಟ್‌ಗೆ ಸಾಲದು. ಕ್ಯಾಮೆರಾ ನೋಟಿಸ್‌ನ ಮೇಲೆ ಪಾಯಿಂಟ್ ಹಾಕುತ್ತೇವೆಂದು ಹೊರಟರೆ ನನ್ನ ಲೈಸೆನ್ಸ್ ಮೇಲೆ ಮೂರು ಬೀಳುತ್ತವೆ, ಮೊಣಕೈಗೆ ಹೆಲ್ಮೆಟ್ ಹಾಕಿದವನ ಮೇಲೆ ಸೊನ್ನೆ.

ಇಟಲಿ ಈ ಹಳ್ಳಕ್ಕೆ ಬಿದ್ದು ಎದ್ದಿದೆ. 2003ರಲ್ಲಿ 20 ಪಾಯಿಂಟ್‌ಗಳ ಪದ್ಧತಿ ತಂದಾಗ, ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಮಾಲೀಕನ ಪಾಯಿಂಟನ್ನೇ ಕಡಿಯುವುದು ಎಂದು ನಿಯಮವಿತ್ತು. ಮಾಡದ ತಪ್ಪಿಗೆ ಶಿಕ್ಷೆ ಸಲ್ಲದೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2005ರಲ್ಲಿ ಅದನ್ನು ಹೊಡೆದುಹಾಕಿತು. ಬ್ರಿಟನ್ನಿನಲ್ಲಿ ಮಾಲೀಕನಿಗೆ ಪತ್ರ ಬರುತ್ತದೆ, ಓಡಿಸಿದವರ ಹೆಸರು ಬರೆದು ಕಳಿಸಬೇಕು. ಕಳಿಸದೆ ಸುಮ್ಮನಿದ್ದರೆ ಅದಕ್ಕೇ 6 ಪಾಯಿಂಟ್. ಸುಳ್ಳು ಬರೆದರೆ ಜೈಲು. ಕ್ರಿಸ್ ಹ್ಯೂನ್ ಎಂಬ ಸಚಿವನ ಕಥೆ ಅಲ್ಲಿ ಮನೆಮಾತು. 2003ರಲ್ಲಿ ವೇಗಮಿತಿ ಮೀರಿದಾಗ ತನ್ನ ಪಾಯಿಂಟನ್ನು ಹೆಂಡತಿಯ ಹೆಸರಿಗೆ ಬರೆಸಿದ. ಸಂಸಾರ ಮುರಿದ ಮೇಲೆ ಗುಟ್ಟು ಹೊರಬಿತ್ತು. 2013ರಲ್ಲಿ ಇಬ್ಬರಿಗೂ ಎಂಟೆಂಟು ತಿಂಗಳು ಜೈಲಾಯಿತು. ಮೂರು ಪಾಯಿಂಟ್ ತಪ್ಪಿಸಿಕೊಳ್ಳಲು ಹೋಗಿ ಮಂತ್ರಿಗಿರಿಯನ್ನೂ ಕಳೆದುಕೊಂಡ. ಚೀನಾದಲ್ಲಿ ಇನ್ನೂ ಮುಂದೆ ಹೋಗಿ ಗಾಡಿ ಓಡಿಸದ ಜನ ತಮ್ಮ ಪಾಯಿಂಟನ್ನು ಕಾಸಿಗೆ ಮಾರಿಕೊಳ್ಳುವ ದಂಧೆಯೇ ಬೆಳೆಯಿತು, ಅದನ್ನು ಹತ್ತಿಕ್ಕಲು ಸರ್ಕಾರ ಪರದಾಡಿತು. ನಮ್ಮಲ್ಲಿ ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ನವೀಕರಿಸಿ ಇಟ್ಟುಕೊಳ್ಳುವವರು ಹುಟ್ಟಿಕೊಳ್ಳುವುದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ಯಾರು?

ನಮ್ಮ ಕಾಯ್ದೆಯಲ್ಲೂ 133ನೇ ಕಲಂ ಇದೆ. ಆರೋಪ ಇರುವ ಗಾಡಿಯ ಚಾಲಕ ಯಾರೆಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ನನಗೆ ಬಂದ ಮೂರು ನೋಟಿಸ್‌ಗಳಲ್ಲಿ ಆ ಪ್ರಶ್ನೆ ಇರಲಿಲ್ಲ. ಇದ್ದಿದ್ದರೆ ಅಕ್ಕನ ಮಗನ ಹೆಸರು ಬರೆಯುತ್ತಿದ್ದೆನೇ? ಆ ದಿನದ ಸಿಟ್ಟಿಗೆ ಬರೆಯುತ್ತಿದ್ದೆ. ಅಕ್ಕ ಫೋನ್ ಮಾಡಿದ ಮೇಲೆ ಬರೆಯುತ್ತಿರಲಿಲ್ಲ. ಕಾನೂನು ಬರೆಯುವವರು ಅಕ್ಕನ ಫೋನನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ಸರಿಪಡಿಸಿದರೂ ಪವಾಡ ನಿರೀಕ್ಷಿಸಬೇಕಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2012ರ ವಿಶ್ಲೇಷಣೆಯೊಂದರಲ್ಲಿ, ಪದ್ಧತಿ ಬಂದ ಹೊಸತರಲ್ಲಿ ಅಪಘಾತ ಮತ್ತು ಸಾವು ಶೇ 15ರಿಂದ 20ರಷ್ಟು ಇಳಿದು, ಹದಿನೆಂಟು ತಿಂಗಳು ತುಂಬುವ ಮೊದಲೇ ಆ ಪರಿಣಾಮ ಕರಗುವುದು ಕಂಡಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಸಿಕ್ಕಿಬೀಳುವ ಸಾಧ್ಯತೆ ಕಡಿಮೆ ಎಂದು ಜನಕ್ಕೆ ಗೊತ್ತಾಗುತ್ತದೆ, ಹಳೆಯ ಚಾಳಿ ಮರಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಹದಿನೆಂಟು ತಿಂಗಳ ಇಳಿಕೆಯೂ ಸಣ್ಣದಲ್ಲ ಎನ್ನಬಹುದು, ಒಪ್ಪುತ್ತೇನೆ.

ಫ್ರಾನ್ಸಿನ ಲಾರಿ ಚಾಲಕರ ಪ್ರಶ್ನೆ ಬಾಕಿ ಇತ್ತು. ತುಮಕೂರಿನಿಂದ ಪಾವಗಡಕ್ಕೋ ಮಧುಗಿರಿಗೋ ಹೋಗುವ ಖಾಸಗಿ ಬಸ್ಸಿನ ಚಾಲಕ ಹಿಂದಿನ ಬಸ್ಸಿಗಿಂತ ಮೊದಲು ನಿಲ್ದಾಣ ಮುಟ್ಟಿದರೆ ಕಲೆಕ್ಷನ್, ತಡವಾದರೆ ಮಾಲೀಕನ ಬೈಗುಳ. ವೇಗ ಅವನ ಕಾಲಿನಲ್ಲಿದೆ, ಆತುರ ಬೇರೆಯವರದ್ದು. ಪಾಯಿಂಟ್ ಮಾತ್ರ ಕಾಲಿಗೆ ಬಿದ್ದರೆ ಏನಾಗುತ್ತದೆ? 12 ತುಂಬಿದ ಚಾಲಕ ಮನೆಗೆ ಹೋಗುತ್ತಾನೆ, ಮರುದಿನ ಅದೇ ಬಸ್ಸಿಗೆ ಅದೇ ಟೈಮಿಂಗ್‌ಗೆ ಇನ್ನೊಬ್ಬ ಬರುತ್ತಾನೆ. ಬ್ರಿಟನ್ನಿನಲ್ಲಿ ಲೈಸೆನ್ಸ್ ಹೋದರೆ ಅಸಾಧಾರಣ ಕಷ್ಟವಾಗುತ್ತದೆಂದು ನ್ಯಾಯಾಲಯದ ಮುಂದೆ ಕೇಳಿಕೊಳ್ಳುವ ಅವಕಾಶ ಇದೆ. ಅದು ಕನಿಕರದ ದಾರಿ. ಜರ್ಮನಿಯದು ಇನ್ನೂ ನೇರ: ಮಿತಿಮೀರಿ ಸರಕು ಹೇರಿದ ಲಾರಿಯನ್ನು ಹೊರಡಿಸಿದ, ಅಥವಾ ಹೊರಡಲು ಬಿಟ್ಟ ಮಾಲೀಕನ ಹೆಸರಿಗೂ ಪಾಯಿಂಟ್ ಬೀಳುತ್ತದೆ. ನಮ್ಮ ಕರಡು ಯಾವಾಗ ಬರುತ್ತದೋ, ಬಂದಾಗ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನು.

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ನನಗೆ ಪರಿಚಯದ ಚಾಲಕರೊಬ್ಬರಿದ್ದಾರೆ. ಮಾಲೀಕರ ಟಾಟಾ ಏಸ್‌ನಲ್ಲಿ ರಾತ್ರಿ ತರಕಾರಿ ಹೇರಿಕೊಂಡು ಬೆಂಗಳೂರಿಗೆ ಹೋಗಿ ಬೆಳಗ್ಗೆ ವಾಪಸಾಗುತ್ತಾರೆ. ಮಾಲೀಕರಿಗೆ ಮೂರು ಗಾಡಿ, ನಾಲ್ವರು ಚಾಲಕರು. ಯಾರು ಓಡಿಸುವಾಗ ಬಿದ್ದದ್ದು ಎಂದು ತಿಳಿಯದ ದಂಡವನ್ನು ನಾಲ್ವರ ಬಾಟಾದಲ್ಲೂ ಸಮನಾಗಿ ಹಿಡಿಯುತ್ತಾರಂತೆ. ಪಾಯಿಂಟ್ ವಿಷಯ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದನ್ನು ನಾಲ್ಕು ಭಾಗ ಮಾಡಲು ಬರುವುದಿಲ್ಲವಲ್ಲ ಸಾರ್?" ಬರುವುದಿಲ್ಲ ಎಂದೆ. ಅವರಿಗೆ ಅದು ಸಮಾಧಾನ ತಂದಂತಿತ್ತು. ತಮ್ಮ ಲೈಸೆನ್ಸ್‌ನಲ್ಲಿ ಏನಾದರೂ ಬರೆದಿದೆಯೇ ನೋಡಿ ಎಂದು ಕಿಸೆಯಿಂದ ಕಾರ್ಡ್ ತೆಗೆದು ಕೊಟ್ಟರು. ಅಂಚು ಸವೆದಿತ್ತು, ಫೋಟೊದಲ್ಲಿ ಮೀಸೆ ಇನ್ನೂ ಕಪ್ಪಗಿತ್ತು. ಮೂಟೆಯ ಮೇಲೆ ಕುಳಿತು ನನ್ನ ಮೊಬೈಲಿನಲ್ಲಿ ಸಾರಥಿ ತೆರೆದು ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದೆವು. ಒಟಿಪಿ ಕಳಿಸಲಾಗಿದೆ ಎಂದು ಬಂತು, ಯಾವ ಮೊಬೈಲಿಗೆ ಎಂಬುದರ ಕೊನೆಯ ಅಂಕಿಗಳೂ ಕಾಣಿಸಿದವು. ಅದು ಅವರ ನಂಬರ್ ಅಲ್ಲ, ಮನೆಯವರದ್ದೂ ಅಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಲೈಸೆನ್ಸ್ ಮಾಡಿಸಿದಾಗ ಅರ್ಜಿ ತುಂಬಿಕೊಟ್ಟ ಏಜೆಂಟನದ್ದಿರಬೇಕು ಎಂದರು. ಅವನ ಹೆಸರು ಅವರಿಗೆ ನೆನಪಿರಲಿಲ್ಲ.